ಕಾಕಾಯದ ಬೆಡ್‌ರೂಮು

ಮನೆ ಕಟ್ಟಿಸುವವರು ದುಡ್ಡು ಕೊಟ್ಟರಷ್ಟೇ ಸಾಲದು, ಆರ್ಕಿಟೆಕ್ಟ್ ಮತ್ತು ಕಂಟ್ರಾಕ್ಟರ್ ನಡುವೆ ದುಭಾಷಿ ಕೆಲಸವನ್ನೂ ಮಾಡಬೇಕು. ಆರ್ಕಿಟೆಕ್ಟ್ ಡ್ರಾಯಿಂಗಿನಲ್ಲಿ ಎಲ್ಲಾ ಮಿಲಿಮೀಟರು. ಸೈಟಿನಲ್ಲಿ ಎಲ್ಲಾ ಅಡಿ, ಇಂಚು. ಕಂಬಿ ಮಾತ್ರ ಇಬ್ಬರಿಗೂ ಎಂಎಂ, ಹಾಗಾಗಿ ಕಂಬಿ ವಿಷಯಕ್ಕೆ ನಮ್ಮಲ್ಲಿ ಜಗಳವೇ ಆಗಲಿಲ್ಲ.

ಬೆಡ್‌ರೂಮಿನ ಅಗಲ 3048 ಅಂತ ಬರೆದಿತ್ತು. ಮೇಸ್ತ್ರಿ ಕಣ್ಣು ಕಿರಿದು ಮಾಡಿ, "ಇದೇನ್ ಸಾರ್, ಸೈಟಿನ ರೇಟಾ?" ಅಂದರು. ನಾನು ಮೊಬೈಲಿನಲ್ಲಿ 304.8ರಿಂದ ಭಾಗಿಸಿ, "ಹತ್ತಡಿ" ಅಂದೆ.

"ಹತ್ತಕ್ಕೆ ಹನ್ನೆರಡಾ? ಆಯ ಕೂಡಲ್ಲ ಬಿಡಿ."

ಆಯ ಅಂದರೆ ರೂಮಿನ ಅಳತೆ ಶುಭವೋ ಅಶುಭವೋ ಅಂತ ಹೇಳುವ ವಾಸ್ತು ಲೆಕ್ಕ. ಅದು ಹೀಗೆ: ಉದ್ದ ಅಗಲ ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಬೇಕು. ಶೇಷ 1 ಬಂದರೆ ಧ್ವಜಾಯ, 3 ಸಿಂಹಾಯ, 5 ವೃಷಭಾಯ, 7 ಗಜಾಯ. ಇವೆಲ್ಲ ಒಳ್ಳೆಯವು. ಸರಿಸಂಖ್ಯೆ ಬಂದರೆ ಹೊಗೆ, ನಾಯಿ, ಕತ್ತೆ. ನಮ್ಮ 120ಕ್ಕೆ ಶೇಷವೇ ಉಳಿಯಲಿಲ್ಲ. ಅಂದರೆ ಕಾಗೆ, ಕಾಕಾಯ! (9ರಿಂದ ಗುಣಿಸದಿದ್ದರೂ ಶೇಷ ಅಷ್ಟೇ ಬರುತ್ತೆ. ಮೇಸ್ತ್ರಿಗೆ ಅದನ್ನು ಹೇಳೋರು ಯಾರು?)

ಆರ್ಕಿಟೆಕ್ಟಿಗೆ ಫೋನ್ ಮಾಡಿದೆ. "ಡ್ರಾಯಿಂಗ್ ಪ್ರಕಾರ ಮಾಡೋಕೆ ಹೇಳಿ" ಅಂದರು. ಕಂಟ್ರಾಕ್ಟರಿಗೆ ಹಾಗೇ ಹೇಳಿದೆ. "ನೋಡ್ಕೋತೀನಿ ಸಾರ್" ಅಂದರು. ನೋಡಿಕೊಂಡೂ ಬಿಟ್ಟರು. ಭಾನುವಾರ ಹೋಗಿ ನೋಡಿದರೆ ರೂಮು ಹನ್ನೊಂದಕ್ಕೆ ಹನ್ನೊಂದಾಗಿದೆ. ಶುದ್ಧ ಧ್ವಜಾಯ.

ಅಗಲಕ್ಕೆ ಬೇಕಾದ ಒಂದಡಿಯನ್ನು ಬಾತ್‌ರೂಮಿನಿಂದ ಕಿತ್ತುಕೊಂಡಿದ್ದರು. ಐದಡಿಯ ಬಾತ್‌ರೂಮು ನಾಲ್ಕಡಿಗೆ ಇಳಿದಿತ್ತು. ಒಳಗೆ ತೆರೆಯಬೇಕಿದ್ದ ಬಾಗಿಲು ಕಮೋಡಿಗೆ ಬಡಿಯುತ್ತೆ ಅಂತ ಬಡಗಿ ಯಾರನ್ನೂ ಕೇಳದೆ ಅದನ್ನು ಹೊರಗೆ ತೆರೆಯುವಂತೆ ಕೂರಿಸಿದರು. ಎಲೆಕ್ಟ್ರಿಷಿಯನ್ ಒಬ್ಬರೇ ಪಾಪ, ಡ್ರಾಯಿಂಗ್ ನೋಡಿ ಕೆಲಸ ಮಾಡಿದವರು. ಹಳೆಯ ಡ್ರಾಯಿಂಗು. ಅದರಲ್ಲಿದ್ದ ಜಾಗದಲ್ಲೇ ಗೋಡೆ ಕೊರೆದು ಸ್ವಿಚ್ ಬೋರ್ಡ್ ಹಾಕಿದರು. ಈಗ ಬಾತ್‌ರೂಮಿನ ಬಾಗಿಲು ಪೂರ್ತಿ ತೆರೆದರೆ ಸರಿಯಾಗಿ ಹೋಗಿ ಆ ಬೋರ್ಡನ್ನೇ ಮುಚ್ಚುತ್ತೆ. ಲೈಟು, ಫ್ಯಾನು, ಗೀಸರು, ಎಲ್ಲಾ ಬಾಗಿಲ ಹಿಂದೆ.

ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದೆ. ಆರ್ಕಿಟೆಕ್ಟ್ ಒಂದು ಪ್ರಶ್ನೆ ಚಿಹ್ನೆ ಕಳಿಸಿದರು. ಅದಕ್ಕೆ ಕಂಟ್ರಾಕ್ಟರ್ ಹೆಬ್ಬೆರಳು ಒತ್ತಿದರು. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿ, "ಅವರಿಗೆ ನೀವೇ ಸ್ವಲ್ಪ ಹೇಳಿ" ಅಂದರು.

ಅವರಿಬ್ಬರೂ ಪಕ್ಕಪಕ್ಕ ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಗೃಹಪ್ರವೇಶದ ಊಟದ ಪಂಕ್ತಿಯಲ್ಲೇ. ಹೋಳಿಗೆಗೆ ಹಾಲಿಗಿಂತ ತುಪ್ಪವೇ ಸರಿ ಅಂತ ಒಂದೇ ಮಾತಿಗೆ ಒಪ್ಪಿಕೊಂಡರು. ಅಷ್ಟರಲ್ಲಿ ಬೆಡ್‌ರೂಮಿನಿಂದ ನಮ್ಮತ್ತೆ, "ಇಲ್ಲಿ ಲೈಟ್ ಸ್ವಿಚ್ ಎಲ್ಲಿಟ್ಟಿದ್ದೀರಪ್ಪಾ?" ಅಂತ ಕೂಗಿದರು.

ಇಬ್ಬರೂ ಒಟ್ಟಿಗೆ ನನ್ನ ಮುಖ ನೋಡಿದರು.