ಮನೆಯೊಳಗೆ ಎಸ್‌ಜಿ ತೋಟಾ ಬೇಡ
ಮನೆ ಕಾವಲಿಗೆ 12 ಬೋರ್ ಜೋಡಿ ನಳಿಗೆ ಕೋವಿ, ಎಸ್‌ಜಿ (ದಪ್ಪ ಗುಂಡು ತುಂಬಿದ) ತೋಟಾ ಅಂತ ಬರೆದಿದ್ದೀರಿ. ಕೋವಿ ಸರಿ, ತೋಟಾ ಒಪ್ಪುವುದಿಲ್ಲ. ಎಸ್‌ಜಿ ಗುಂಡು ಒಂದೊಂದೂ 8 ಮಿ.ಮೀ.ಗಿಂತ ದಪ್ಪ. ಹಲಗೆ ಬಾಗಿಲು ಸೀಳಿಕೊಂಡು ಆಚೆ ಮಲಗಿದವರಿಗೇ ತಾಗಬಹುದು. ಕೊಡಗಿನ ತೋಟದ ಕಾರ್ಮಿಕರ ಲೈನ್ ಮನೆಗಳು ಎಷ್ಟು ಒತ್ತಾಗಿವೆ ಗೊತ್ತಲ್ವಾ? ಸಣ್ಣ ಚರೆಯಾದರೆ ಅಷ್ಟು ದೂರ ತೂರುವುದಿಲ್ಲ.

ಅಜ್ಜನ ಕಾಲದ ಕೋವಿ ಇರುವವರು ಜಾಸ್ತಿ ಹುಷಾರಾಗಿರಬೇಕು. ಹಳೆಯ ಎಷ್ಟೋ ಕೋವಿಗಳ ಚೇಂಬರ್, ಅಂದರೆ ತೋಟಾ ಕೂರುವ ಗೂಡು, 65 ಮಿ.ಮೀ. ಉದ್ದ. ಅದಕ್ಕೆ 70 ಮಿ.ಮೀ. ತೋಟಾ ಸಲೀಸಾಗಿ ಹೋಗಿ ಕೂರುತ್ತದೆ, ಅದೇ ಮೋಸ. ಹಾರಿಸಿದಾಗ ತೋಟಾದ ಮಡಚಿದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆ ಮೇಲಿನ ಅಂಕಿ ಸವೆದಿದ್ದರೆ ಕೋವಿ ರಿಪೇರಿಯವರಿಂದ ಅಳತೆ ಮಾಡಿಸಿ.

ಮಳೆಗಾಲಕ್ಕೆ ಕಾಗದದ ತೋಟಾ ಬೇಡ, ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಆಮೇಲೆ ವರ್ಷವಿಡೀ ಎಣ್ಣೆ ಮುಟ್ಟಿಸದವರೂ ಇದ್ದಾರೆ ಬಿಡಿ, ಅವರಿಗೆ ಯಾವ ತೋಟಾ ಆದರೇನು!