ಮೈನಸ್ 27 ಸೆಕೆಂಡಿನ ಸಿಗ್ನಲ್

ಇಪ್ಪತ್ತು ವರ್ಷದ ಮುಂದಿನದನ್ನು ಹೇಳಲು ಜ್ಯೋತಿಷಿಗೆ ಜಾತಕ ಬೇಕು. ಟ್ರಾಫಿಕ್ ಸಲಹೆಗಾರನಿಗೆ ಒಂದು ಮಂಗಳವಾರ ಸಾಕು. ಜಂಕ್ಷನ್ನಿನ ನಾಲ್ಕು ಮೂಲೆಗೆ ನಾಲ್ಕು ಕುರ್ಚಿ ಹಾಕಿಸಿ, ಹದಿನೈದು ನಿಮಿಷಕ್ಕೊಂದು ಸಾಲು ಎಳೆದ ಹಾಳೆ ಹಂಚಿ, ಎಡಕ್ಕೆ ಹೋದವೆಷ್ಟು, ಬಲಕ್ಕೆ ತಿರುಗಿದವೆಷ್ಟು, ನೇರ ಹೋದವೆಷ್ಟು ಎಂದು ಗೀಟು ಹಾಕಿಸಿದರೆ ಸಂಜೆಯೊಳಗೆ ಭವಿಷ್ಯ ಅರ್ಧ ತಯಾರು.

ಕುರ್ಚಿ ಬೀಳುವುದು ಯಾವಾಗಲೂ ಸ್ಟಾಪ್ ಲೈನಿನ ಪಕ್ಕದಲ್ಲೇ. ಹಸಿರು ಬಿದ್ದಾಗ ಒಂದು ಲೇನಿನಿಂದ ಹೆಚ್ಚುಕಡಿಮೆ ಎರಡು ಸೆಕೆಂಡಿಗೊಂದು ವಾಹನ ದಾಟುತ್ತದೆ. ಗಂಟೆಯಿಡೀ ಹಸಿರೇ ಇದ್ದರೆ 1800. ನಾಲ್ಕೂ ದಿಕ್ಕಿಗೆ ಸರದಿ ಬಂದು ಮುಗಿಯುವ ಸುತ್ತಿಗೆ ಸೈಕಲ್ ಎನ್ನುತ್ತಾರೆ. 120 ಸೆಕೆಂಡಿನ ಸೈಕಲ್‌ನಲ್ಲಿ ಆ ದಿಕ್ಕಿನ ಪಾಲು 30 ಸೆಕೆಂಡಾದರೆ 450. ಹಿಂದೆ ನೂರು ಮೀಟರ್ ಸಾಲು ನಿಂತಿದ್ದರೂ 450, ಒಂದು ಕಿಲೋಮೀಟರ್ ನಿಂತಿದ್ದರೂ ಅದೇ 450. ಎಣಿಸಿದ್ದು ಜನರ ಬೇಡಿಕೆಯನ್ನಲ್ಲ, ಸಿಗ್ನಲ್ಲಿನ ಔದಾರ್ಯವನ್ನು. ಸಾಲಿನ ಬಾಲ ಎಲ್ಲಿದೆಯೆಂದು ತಿಳಿಯಬೇಕಾದರೆ ಹಿಂದಕ್ಕೆ ನಡೆದುಹೋಗಬೇಕು. ನಡೆಯಲು ಫುಟ್‌ಪಾತ್ ಇಲ್ಲ.

ಮುಂದೆ ಎಲ್ಲವನ್ನೂ ಕಾರಿನ ಭಾಷೆಗೆ ಇಳಿಸಬೇಕು. ಇದಕ್ಕೆ ಪಿಸಿಯು, ಅಂದರೆ ಪ್ಯಾಸೆಂಜರ್ ಕಾರ್ ಯೂನಿಟ್, ಎನ್ನುತ್ತಾರೆ. ಕಾರಿಗೆ ಒಂದು, ದ್ವಿಚಕ್ರಕ್ಕೆ ಅರ್ಧ, ಬಸ್ಸಿಗೆ ಎರಡೋ ಮೂರೋ. ಒಬ್ಬನೇ ಕುಳಿತ ಕಾರು ಒಂದು ವಾಹನ. ಐವತ್ತು ಜನರಿರುವ ಬಸ್ಸು ಮೂರು ಕಾರಿನಷ್ಟು ಕಿರಿಕಿರಿ. ಕಾಲ್ನಡಿಗೆಯವನಿಗೆ ಹಾಳೆಯಲ್ಲಿ ಕಾಲಂ ಇರುವುದಿಲ್ಲ. ಅವನಿಗೆ ಭವಿಷ್ಯವಿಲ್ಲ ಎನ್ನುವುದು ಅಲ್ಲಿಗೇ ಇತ್ಯರ್ಥವಾಗುತ್ತದೆ.

ಉಳಿದರ್ಧ ಭವಿಷ್ಯವೆಂದರೆ ಎಕ್ಸೆಲ್‌ನ ಒಂದು ಚೌಕ. ವರ್ಷಕ್ಕೆ ಶೇ. 5 ಬೆಳವಣಿಗೆ ಎಂದು ಬರೆದರೆ 20 ವರ್ಷಕ್ಕೆ ಟ್ರಾಫಿಕ್ 2.65 ಪಟ್ಟು. 5 ಅಳಿಸಿ 7 ಬರೆದರೆ 3.87 ಪಟ್ಟು. ಜಂಕ್ಷನ್ನಿಗೆ ಬಣ್ಣದ ಪಟ್ಟೆ ಸಾಕೇ, ಮೇಲ್ಸೇತುವೆಯೇ ಬೇಕೇ ಎಂಬುದನ್ನು ತೀರ್ಮಾನಿಸುವುದು ಈ ಒಂದಂಕಿ. ಇನ್ನೂ ದೂರದೃಷ್ಟಿಯವರು ಅದೇ 7ನ್ನು 40 ವರ್ಷಕ್ಕೆ ಎಳೆದರೆ ಸುಮಾರು 15 ಪಟ್ಟಾಗುತ್ತದೆ. ಅಷ್ಟು ವಾಹನ ಓಡಿಸಲು ಊರಿನಲ್ಲಿ ಅಷ್ಟು ಜನ ಇರುತ್ತಾರೆಯೇ ಎಂದು ಎಕ್ಸೆಲ್ ಕೇಳುವುದಿಲ್ಲ.

ಈ ಅಂಕಿಯನ್ನು ಸಿಗ್ನಲ್ಲಿನ ಸೈಕಲ್ ಎಷ್ಟು ಸೆಕೆಂಡಿರಬೇಕೆಂದು ಹೇಳುವ ಸೂತ್ರಕ್ಕೆ ಹಾಕಿದಾಗ ನಿಜವಾದ ಮಜಾ. ಸೂತ್ರ ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟದ್ದು, ಇಂದಿಗೂ ಪಾಠದಲ್ಲಿದೆ. ಪ್ರತಿ ಹಂತ ಬದಲಾಗುವಾಗ ಮೂರು ಸೆಕೆಂಡ್ ವ್ಯರ್ಥವಾದರೆ ನಾಲ್ಕು ಹಂತಕ್ಕೆ 12. ಅದರ ಒಂದೂವರೆ ಪಟ್ಟಿಗೆ 5 ಕೂಡಿಸಿದರೆ 23. ಇದನ್ನು, ಒಂದರಿಂದ ಜಂಕ್ಷನ್ನಿನ ಹೊರೆಯನ್ನು (ದಾಟಿಸಬಲ್ಲ ಗರಿಷ್ಠದಲ್ಲಿ ಬರುವ ವಾಹನಗಳ ಪಾಲೆಷ್ಟು ಎಂಬ ಅಂಕಿಯನ್ನು) ಕಳೆದು ಉಳಿದುದರಿಂದ ಭಾಗಿಸಬೇಕು. ಹೊರೆ 0.7 ಇದ್ದರೆ ಸೈಕಲ್ 77 ಸೆಕೆಂಡ್. 0.9ಕ್ಕೆ 230. ಹೊರೆ 1 ಮುಟ್ಟಿದರೆ ಅನಂತ. ಶೇ. 5ರ ಬೆಳವಣಿಗೆಯಲ್ಲಿ 0.7 ಎಂಟನೇ ವರ್ಷಕ್ಕೇ ಒಂದನ್ನು ದಾಟುತ್ತದೆ. ಇಪ್ಪತ್ತನೇ ವರ್ಷಕ್ಕೆ 1.86. ಆಗ ಉತ್ತರ ಮೈನಸ್ 27 ಸೆಕೆಂಡ್. ಅಂದರೆ ವಾಹನ ಬರುವ ಮೊದಲೇ ಹೋಗಿರಬೇಕು. ವರದಿಯಲ್ಲಿ ಇದನ್ನು ಮೈನಸ್ ಎಂದು ಬರೆಯುವ ಪದ್ಧತಿಯಿಲ್ಲ. ‘ಗ್ರೇಡ್ ಸೆಪರೇಟರ್ ಅನಿವಾರ್ಯ’ ಎಂದು ಬರೆಯುತ್ತಾರೆ, ಅಂದರೆ ಮೇಲ್ಸೇತುವೆಯೋ ಕೆಳಸೇತುವೆಯೋ ಬೇಕೇ ಬೇಕು.

ಹಾಗೆಯೇ 77ರ ಸಂಗತಿಯನ್ನೂ ಯಾರೂ ಗಮನಿಸುವುದಿಲ್ಲ. ಅವರದೇ ಎಣಿಕೆಯ ಪ್ರಕಾರ ಇವತ್ತಿಗೆ 77 ಸಾಕು, ಆದರೆ ಸಿಗ್ನಲ್ ನಿಯಂತ್ರಣದ ಪೆಟ್ಟಿಗೆಯಲ್ಲಿ ಕುಳಿತಿರುವುದು 120. ಅದೂ ಪಂಕ್ತಿಭೇದವಿಲ್ಲದೆ ನಾಲ್ಕೂ ದಿಕ್ಕಿಗೆ ಮೂವತ್ತು ಮೂವತ್ತು, ಖಾಲಿ ರಸ್ತೆಗೂ ತುಂಬಿದ ರಸ್ತೆಗೂ ಒಂದೇ ಬಡಿಸು. ಅದನ್ನು ಸರಿಮಾಡಲು ಒಂದು ಮಧ್ಯಾಹ್ನ ಮತ್ತು ಪೆಟ್ಟಿಗೆಯ ಕೀಲಿ ಸಾಕು. ಸ್ಟಾಪ್ ಲೈನಿಗೆ ಅಂಟಿಕೊಂಡ ಬಸ್ ನಿಲ್ದಾಣವನ್ನು ಜಂಕ್ಷನ್ ದಾಟಿದ ಮೇಲಕ್ಕೆ ಸರಿಸುವುದು, ಜಂಕ್ಷನ್ನಿನ ಬಾಯಲ್ಲಿ ಐವತ್ತು ಮೀಟರ್ ಪಾರ್ಕಿಂಗ್ ತೆಗೆಸುವುದು, ಒಳಬರುವಾಗ ಮೂರು ಲೇನಿದ್ದರೆ ಹೊರಹೋಗುವಾಗಲೂ ಮೂರೇ ಇಡುವುದು, ಇವೂ ಅಂಥವೇ. ಯಾವುದಕ್ಕೂ ಶಂಕುಸ್ಥಾಪನೆ ಮಾಡಲು ಬರುವುದಿಲ್ಲ ಎಂಬುದೇ ಇವುಗಳ ತಾಂತ್ರಿಕ ದೋಷ.

ಆದ್ದರಿಂದ ಮೇಲ್ಸೇತುವೆ. ಅದರ ಮೇಲೆ ಸಿಗ್ನಲ್ ಇಲ್ಲ, ಲೇನಿಗೆ 1800ರಂತೆ ಸುರಿಯುತ್ತದೆ. ಇಳಿದ 300 ಮೀಟರಿಗೆ ಮುಂದಿನ ಜಂಕ್ಷನ್, ಅಲ್ಲಿ ದಾಟುವುದು ಅದೇ 450. ಉಳಿದ 1350 ಎಂದರೆ ನಿಮಿಷಕ್ಕೆ ಇಪ್ಪತ್ತೆರಡು ವಾಹನ. ಒಂದಕ್ಕೆ ಆರೂವರೆ ಮೀಟರ್ ಜಾಗ ಹಿಡಿದರೆ 300 ಮೀಟರಿನಲ್ಲಿ ನಿಲ್ಲುವುದು ನಲವತ್ತಾರು. ಎರಡೇ ನಿಮಿಷಕ್ಕೆ ಸಾಲು ರ‍್ಯಾಂಪ್ ಹತ್ತುತ್ತದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಈಗ ನಿಂತಲ್ಲಿಗೆ ಗಾಳಿ ಚೆನ್ನಾಗಿ ಬರುತ್ತದೆ, ಅಷ್ಟು ಲಾಭ.

ಲಾಭದ ಅಧ್ಯಾಯವೂ ಇದೆ. ವಾಹನಕ್ಕೆ 30 ಸೆಕೆಂಡ್ ಉಳಿತಾಯ, ದಿನಕ್ಕೆ ಒಂದು ಲಕ್ಷ ವಾಹನ, ಒಟ್ಟು 833 ಗಂಟೆ. ಹನಿ ಹನಿ ಕೂಡಿದರೆ ಹಳ್ಳ. ಕಾಮಗಾರಿಯ ಮೂರು ವರ್ಷ ಅದೇ ವಾಹನಗಳು ಬದಲಿ ಮಾರ್ಗದಲ್ಲಿ ಐದೈದು ನಿಮಿಷ ಹೆಚ್ಚು ಸುತ್ತಿದ್ದು ಮಾತ್ರ ಹಳ್ಳಕ್ಕೆ ಬೀಳುವುದಿಲ್ಲ. ಐದು ನಿಮಿಷವೆಂದರೆ ಮೂವತ್ತು ಸೆಕೆಂಡಿನ ಹತ್ತು ಪಟ್ಟು. ಮೂರು ವರ್ಷ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಮೂವತ್ತು ವರ್ಷ ಬೇಕು. ಯೋಜನೆಯ ಆಯುಸ್ಸು ಇಪ್ಪತ್ತು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಅಗಲೀಕರಣದಲ್ಲಿ ಇನ್ನೊಂದು ಸೊಗಸು. ದಾಟುವ ಅಗಲ 14 ಮೀಟರ್ ಇದ್ದದ್ದು 24 ಆದರೆ, ಸೆಕೆಂಡಿಗೆ 1.2 ಮೀಟರ್ ನಡೆಯುವವನಿಗೆ 12ರ ಬದಲು 20 ಸೆಕೆಂಡ್ ಬೇಕು. ಆ ಎಂಟು ಸೆಕೆಂಡ್ ಕೊಟ್ಟರೆ ಅಗಲ ಮಾಡಿದ ಫಲದಲ್ಲಿ ಒಂದು ಪಾಲು ಹೋಯಿತು; ಆದ್ದರಿಂದ ಕೊಡುವುದಿಲ್ಲ, ಪಾದಚಾರಿ ಮೇಲ್ಸೇತುವೆ ಕೊಡುತ್ತಾರೆ. ಆರು ಮೀಟರ್ ಎತ್ತರ, ಹತ್ತಲು ನಲವತ್ತು ಮೆಟ್ಟಿಲು, ಇಳಿಯಲು ನಲವತ್ತು. ಕಾಲಂ ಇಲ್ಲದವನಿಗೆ ಮೆಟ್ಟಿಲಾದರೂ ಸಿಕ್ಕಿತು.

ಅಗಲ ಮಾಡಿದಷ್ಟೂ ಪೀಕ್ ಅವರ್ ವಾಹನಗಳು ಬಂದು ತುಂಬುತ್ತವೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆ್ಯಂಟನಿ ಡೌನ್ಸ್ 1962ರಲ್ಲೇ ಬರೆದರು. ಅಮೆರಿಕದ ನಗರಗಳಲ್ಲಿ ಲೇನಿನ ಉದ್ದ ಹೆಚ್ಚಿದ ಪ್ರಮಾಣದಲ್ಲೇ ವಾಹನ ಓಟವೂ ಹೆಚ್ಚುತ್ತದೆಂದು ಅರ್ಥಶಾಸ್ತ್ರಜ್ಞರಾದ ಡುರಾಂಟನ್ ಮತ್ತು ಟರ್ನರ್ 2011ರಲ್ಲಿ ಲೆಕ್ಕ ತೋರಿಸಿದರು. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಚಂಗ್ಯೆಚನ್ ತೊರೆಯ ಮೇಲಿದ್ದ ಎತ್ತರದ ಹೆದ್ದಾರಿಯನ್ನು 2003ರಲ್ಲಿ ಕೆಡವಿ 2005ರಲ್ಲಿ ನೀರು ಹರಿಸಿದರು, ನಗರ ನಿಂತುಹೋಗಲಿಲ್ಲ. ಸ್ಟಾಕ್‌ಹೋಮ್ 2006ರಲ್ಲಿ ದಟ್ಟಣೆ ಶುಲ್ಕ ಪ್ರಯೋಗಿಸಿದಾಗ ಶುಲ್ಕ ವಲಯದ ಗಡಿ ದಾಟುವ ವಾಹನಗಳಲ್ಲಿ ಸುಮಾರು ಐದರಲ್ಲೊಂದು ಮಾಯವಾಯಿತು. ನಮ್ಮ ಎಕ್ಸೆಲ್‌ನಲ್ಲಿ ಮಾತ್ರ ಯಾರೂ ದಾರಿ, ಹೊತ್ತು, ವಾಹನ ಬದಲಿಸುವುದಿಲ್ಲ. ‘ಏನೂ ಮಾಡದಿದ್ದರೆ’ ಎಂಬ ಪುಟದಲ್ಲಿ 2.65 ಪಟ್ಟು ವಾಹನಗಳು ಅದೇ 450ರ ಕಿಂಡಿಯ ಮುಂದೆ ವಿಧೇಯವಾಗಿ ಇಪ್ಪತ್ತು ವರ್ಷ ನಿಂತಿರುತ್ತವೆ. ಆ ನಿಲುಗಡೆಯೇ ಉಳಿತಾಯದ ಮೂಲ ಬಂಡವಾಳ.

ಎಂಟನೇ ವರ್ಷಕ್ಕೆ ಮತ್ತೆ ದೂರು, ಮತ್ತೆ ಟೆಂಡರ್. ಮೇಲ್ಸೇತುವೆಯ ಕೆಳಗೆ, ಈ ಸಲ ನೆರಳಿನಲ್ಲಿ, ಸ್ಟಾಪ್ ಲೈನಿನ ಪಕ್ಕ ಕುರ್ಚಿ ಬೀಳುತ್ತದೆ. ಮಂಗಳವಾರ ಸಂಜೆ ಹಾಳೆಯಲ್ಲಿ ಗೀಟು ಕೂಡಿಸಿದರೆ 450.