‘ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ಜೋಡಿಸಿ’ ಎಂದು ಬರೆದ ಮಹಾನುಭಾವರಿಗೆ

ಕಾರು ದುರಸ್ತಿಯ ಕೈಪಿಡಿಗಳಲ್ಲಿ ಒಂದು ವಾಕ್ಯವಿರುತ್ತದೆ: ‘ಬಿಚ್ಚಿದ ಕ್ರಮಕ್ಕೆ ವಿರುದ್ಧವಾದ ಕ್ರಮದಲ್ಲಿ ಮರುಜೋಡಿಸಿ.’ ಯಾವ ಬೋಲ್ಟನ್ನು ಯಾವ ಪಾನಾದಿಂದ ಬಿಚ್ಚಬೇಕೆಂದು ಪುಟಗಟ್ಟಲೆ ಚಿತ್ರ ಬಿಡಿಸಿ ತೋರಿಸಿದವರು, ಜೋಡಿಸುವ ಸರದಿ ಬಂದಾಗ ಈ ಒಂದು ಸಾಲನ್ನು ಬರೆದು ಕೈತೊಳೆದುಕೊಳ್ಳುತ್ತಾರೆ. ಅದನ್ನು ನಂಬಿದ ತಪ್ಪಿಗೆ ನಾನು ಮೂರು ದಿನ ಬಾನೆಟ್ಟಿನ ಕೆಳಗೆ ತಲೆ ತೂರಿಸಿಕೊಂಡು ನಿಂತಿದ್ದೇನೆ. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿಲ್ಲ, ಸಿಟ್ಟೂ ಹೋಗಿಲ್ಲ.

ಮಾಡಿದ ಕೆಲಸ ಇಷ್ಟು: ಟೈಮಿಂಗ್ ಬೆಲ್ಟ್ ಮತ್ತು ಅದರ ಜೊತೆಗೆ ವಾಟರ್ ಪಂಪ್ ಬದಲಿಸಿದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನೂ ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡವನ್ನೂ ಒಂದೇ ತಾಳಕ್ಕೆ ಕುಣಿಸುವ ಹಲ್ಲಿನ ಪಟ್ಟಿಯೇ ಈ ಟೈಮಿಂಗ್ ಬೆಲ್ಟ್. ಅಜಾಗರೂಕತೆಯಿಂದ ಮಾಡಿದೆ ಎಂದು ಯಾರೂ ಹೇಳುವಂತಿಲ್ಲ. ಹಳೆಯ ಬೆಲ್ಟ್ ತೆಗೆಯುವ ಮೊದಲೇ ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಗುರುತುಗಳ ಮೇಲೆ ಬಿಳಿ ಬಣ್ಣ ಹಚ್ಚಿಕೊಂಡಿದ್ದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ಮುಗಿಸುತ್ತದೆಯಾದ್ದರಿಂದ, ಹೊಸ ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ, ಎರಡೂ ಗುರುತುಗಳು ತಮ್ಮ ಜಾಗಕ್ಕೆ ಬಂದು ನಿಂತಿದ್ದನ್ನು ಕಣ್ಣಾರೆ ಕಂಡು, ಆಮೇಲೆ ಕವರ್ ಮುಚ್ಚಿದೆ. ಕೀಲಿ ತಿರುಗಿಸಿದೆ. ಸೆಲ್ಫ್ ಹುರುಪಿನಿಂದ ತಿರುಗಿತು, ತಿರುಗುತ್ತಲೇ ಇತ್ತು, ಎಂಜಿನ್ ಮಾತ್ರ ಒಮ್ಮೆಯೂ ಕೆಮ್ಮಲಿಲ್ಲ.

ಇಲ್ಲಿಂದ ಮುಂದೆ ಸಲಹೆಗಾರರ ಹಾವಳಿ. ‘ಬ್ಯಾಟರಿ ನೋಡಿ’ ಎಂದವರಿಗೆ ನನ್ನದೊಂದು ಪ್ರಶ್ನೆ: ಬ್ಯಾಟರಿ ಸತ್ತಿದ್ದರೆ ಸೆಲ್ಫ್ ಅಷ್ಟು ಜೋರಾಗಿ ಯಾರ ಬಲದಿಂದ ತಿರುಗುತ್ತಿತ್ತು? ಆದರೂ ಅವರ ಸಮಾಧಾನಕ್ಕೆ ಮಲ್ಟಿಮೀಟರ್ ಹಿಡಿದೆ. ಸುಮ್ಮನಿರುವಾಗ 12.6 ವೋಲ್ಟ್, ಸೆಲ್ಫ್ ತಿರುಗುವಾಗ 10.5 ವೋಲ್ಟ್. ಇದಕ್ಕಿಂತ ಆರೋಗ್ಯವಂತ ಬ್ಯಾಟರಿ ಯಾರಲ್ಲಿದೆ?

ನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ನಾಲ್ಕೂ ಒಣಗಿದ್ದವು, ಪೆಟ್ರೋಲಿನ ವಾಸನೆ ಕೂಡ ಇರಲಿಲ್ಲ. ಅಂದರೆ ಇಂಧನ ಬರುತ್ತಿಲ್ಲ ಎಂದು ನಾನು ತೀರ್ಮಾನಿಸಿದ್ದೇ ಮೊದಲ ದಿನವನ್ನು ನುಂಗಿತು. ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗಿನ ಪಂಪ್ ಎರಡು ಸೆಕೆಂಡು ಗುಂಯ್ ಎನ್ನುತ್ತಿದ್ದುದನ್ನು ಕಿವಿಯಾರೆ ಕೇಳಿಯೂ ಕೇಳದವನಂತೆ, ಚೆನ್ನಾಗಿಯೇ ಇದ್ದ ಫಿಲ್ಟರನ್ನು ಬದಲಿಸಿದೆ. ಪ್ಲಗ್‌ಗಳಲ್ಲಿ ಕಿಡಿಯೂ ಇಲ್ಲ ಎಂಬುದನ್ನು ನೋಡಿದ್ದು ಮರುದಿನ. ನಾಲ್ಕು ಸಿಲಿಂಡರುಗಳಿಗೂ ಇಂಧನವಿಲ್ಲ, ನಾಲ್ಕಕ್ಕೂ ಕಿಡಿಯಿಲ್ಲ ಎಂದಾದರೆ ಎರಡಕ್ಕೂ ಅಪ್ಪಣೆ ಕೊಡುವ ಯಜಮಾನನ ಬಳಿಯೇ ತೊಂದರೆಯಿದೆ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ಅಷ್ಟರಲ್ಲಿ ‘ಬೆಲ್ಟ್ ಒಂದು ಹಲ್ಲು ತಪ್ಪಿದೆ’ ಎಂಬ ಭಯವನ್ನು ಒಬ್ಬರು ತಲೆಯಲ್ಲಿ ಬಿತ್ತಿಬಿಟ್ಟಿದ್ದರು. ಟೈಮಿಂಗ್ ಹೆಚ್ಚು ತಪ್ಪಿದರೆ ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ ಎಂಬುದು ನಿಜವೇ ಆದ್ದರಿಂದ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಭಯದಲ್ಲಿ ಟೈಮಿಂಗ್ ಕವರನ್ನು ಒಂದಲ್ಲ, ಎರಡು ಸಲ ಬಿಚ್ಚಿದೆ. ಗುರುತುಗಳು ಎರಡು ಸಲವೂ ಕೂದಲೆಳೆಯಷ್ಟೂ ಕದಲಿರಲಿಲ್ಲ. ಹಲ್ಲು ತಪ್ಪಿದರೆ ಕಿಡಿ ತಪ್ಪು ಹೊತ್ತಿಗೆ ಬಂದೀತೇ ಹೊರತು ಪೂರ್ತಿ ಮಾಯವಾಗುವುದಿಲ್ಲ ಎಂಬ ಸರಳ ಮಾತು ಭಯಪಟ್ಟವನ ತಲೆಗೆ ಹೋಗುವುದಿಲ್ಲ.

ಉತ್ತರ ಮೂರೂ ದಿನ ನನ್ನ ಮುಖದ ಮುಂದೆಯೇ ಇತ್ತು ಎಂಬುದು ಹೊಟ್ಟೆ ಉರಿಸುವ ಸಂಗತಿ. ನನ್ನ ಕಾರಿನಲ್ಲಿ ಸೆಲ್ಫ್ ಹೊಡೆಯುವಾಗ ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಮೇಲೇಳಬೇಕು. ಅದು ಸೊನ್ನೆಯ ಮೇಲೆ ಅಂಟಿಕೊಂಡು ಕುಳಿತಿತ್ತು. ಕ್ರ್ಯಾಂಕ್ ತಿರುಗುತ್ತಿದೆ ಎಂದು ಇಸಿಯುಗೆ, ಅಂದರೆ ಇಂಧನಕ್ಕೂ ಕಿಡಿಗೂ ಅಪ್ಪಣೆ ಕೊಡುವ ಆ ಯಜಮಾನ ಕಂಪ್ಯೂಟರಿಗೆ, ತಿಳಿಸುವುದು ಕ್ರ್ಯಾಂಕ್ ಸೆನ್ಸರ್. ಅನೇಕ ಕಾರುಗಳಲ್ಲಿ ಅದರೆದುರು ತಿರುಗುವ ಚಕ್ರದಲ್ಲಿ 60 ಹಲ್ಲುಗಳಿಗೆ ಜಾಗವಿದ್ದು 58 ಮಾತ್ರ ಇರುತ್ತವೆ. ಆ ಎರಡು ಹಲ್ಲಿನ ಖಾಲಿ ಜಾಗ ಎದುರಿಗೆ ಬಂದಾಗ ಪಿಸ್ಟನ್ ಎಲ್ಲಿದೆ ಎಂದು ಇಸಿಯು ಲೆಕ್ಕ ಹಾಕುತ್ತದೆ. ಈ ಸುದ್ದಿಯೇ ಬಾರದಿದ್ದರೆ ಎಂಜಿನ್ ನಿಂತೇ ಇದೆ ಎಂದು ಭಾವಿಸಿ ಅದು ಇಂಧನವನ್ನೂ ಕೊಡುವುದಿಲ್ಲ, ಕಿಡಿಯನ್ನೂ ಕೊಡುವುದಿಲ್ಲ. ಇಸಿಯು ಬರೆದಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿದಾಗ ಒಂದು ದೋಷದ ಕೋಡ್ ಕೂಡ ಬರಲಿಲ್ಲ. ತಿರುಗದ ಎಂಜಿನ್‌ನಿಂದ ಸುದ್ದಿ ಬಾರದಿರುವುದು ಇಸಿಯುವಿನ ಲೆಕ್ಕದಲ್ಲಿ ದೋಷವೇ ಅಲ್ಲವಲ್ಲ!

ಆ ಸೆನ್ಸರಿನ ಕನೆಕ್ಟರ್ ಇರುವುದು ಕ್ರ್ಯಾಂಕ್ ಪುಲ್ಲಿಯ ಹಿಂದೆ, ಕಣ್ಣಿಗೆ ಕಾಣದ, ಎರಡು ಬೆರಳು ಮಾತ್ರ ತೂರುವ ಸಂದಿಯಲ್ಲಿ. ವೈರು ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿದ್ದೆ, ಜೋಡಿಸುವಾಗ ಒತ್ತಿಯೂ ಇದ್ದೆ. ಅದು ಒಳಗೆ ಹೋಯಿತು, ಎಳೆದರೆ ಬರಲಿಲ್ಲ, ಸರಿಯಾಗಿಯೇ ಕೂತಿದೆ ಎಂದುಕೊಂಡೆ. ಕನ್ನಡಿ, ಟಾರ್ಚು ಹಿಡಿದು ಮಲಗಿ ನೋಡಿದಾಗ ಗೊತ್ತಾಯಿತು: ಲಾಕ್ ಬಿದ್ದಿರಲಿಲ್ಲ, ಒಂದು ಪಿನ್ ಹಿಂದಕ್ಕೆ ಸರಿದಿತ್ತು. ಪಿನ್ ನೆಟ್ಟಗೆ ಮಾಡಿ, ‘ಟಿಕ್’ ಎನ್ನುವವರೆಗೆ ಒತ್ತಿ, ಕೀಲಿ ತಿರುಗಿಸಿದರೆ ಎಂಜಿನ್ ಏನೂ ನಡೆದೇ ಇಲ್ಲವೆಂಬಂತೆ ಒಂದೇ ಏಟಿಗೆ ಹತ್ತಿಕೊಂಡಿತು.

ತಪ್ಪು ನನ್ನದೇ, ಒಪ್ಪಿದೆ. ಆದರೆ ‘ಈ ಕನೆಕ್ಟರ್ ಅರ್ಧ ಕೂತರೂ ಪೂರ್ತಿ ಕೂತಂತೆ ತೋರುತ್ತದೆ, ಟಿಕ್ ಎಂಬ ಸದ್ದು ಕೇಳುವವರೆಗೆ ಒತ್ತಿ’ ಎಂದು ಬರೆಯಲು ಎಷ್ಟು ಶಾಯಿ ಬೇಕಿತ್ತು? ಬಿಚ್ಚುವಾಗ ಲಾಕ್ ಒತ್ತಿದರೆ ಸಡಿಲವಾಗುತ್ತದೆ, ಜೋಡಿಸುವಾಗ ಪೂರ್ತಿ ಒತ್ತದೆ ಬೀಳುವುದಿಲ್ಲ. ಬಿಚ್ಚುವಾಗ ಪಿನ್ ನೆಟ್ಟಗಿರುತ್ತದೆ, ಕುರುಡಾಗಿ ಒತ್ತುವಾಗ ಸರಿಯುತ್ತದೆ. ಇದು ಯಾವ ‘ವಿರುದ್ಧ ಕ್ರಮ’ದಲ್ಲಿ ಬರುತ್ತದೆ ಸ್ವಾಮಿ?

ಟೈಮಿಂಗ್ ಕವರನ್ನು ಮೂರನೆಯ ಸಲ ಇನ್ನೂ ಮುಚ್ಚಿಲ್ಲ. ಅದನ್ನು ಹೇಗೆ ಕೂರಿಸಬೇಕೆಂದು ಈಗ ತಾನೇ ಪುಟ ತೆಗೆದು ನೋಡಿದೆ. ಅದೇ ಸಾಲು.